ಇಲಿಯಲ್ಲಿ ಗೆದ್ದ ಔಷಧಿ, ಅಮ್ಮನ ಮಾತ್ರೆ

ಪ್ರಶ್ನೆ: ನನ್ನ ಅಮ್ಮನಿಗೆ 54 ವರ್ಷ. ಹೋದ ವರ್ಷ ಅಂಡಾಶಯದ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್, ಕಿಮೋ ಎರಡೂ ಮುಗಿದಿವೆ. ಬಿಆರ್‌ಸಿಎ1 ಅನ್ನುವ ಜೀನ್‌ನಲ್ಲಿ ಹುಟ್ಟಿನಿಂದಲೇ ದೋಷ ಇದೆ ಅಂತ ರಿಪೋರ್ಟ್ ಬಂದಿದೆ. ಈಗ ಒಲಾಪರಿಬ್ ಮಾತ್ರೆ ಕೊಡುತ್ತಿದ್ದಾರೆ. ಇದರ ಬಗ್ಗೆ ಓದಲು ಕೂತರೆ ಎಲ್ಲಾ ಕಡೆ ‘ಜೀನ್ ಬದಲಿಸಿದ ಇಲಿಗಳಲ್ಲಿ ಹೀಗಾಯಿತು’ ಎಂದೇ ಬರುತ್ತದೆ. ಇಲಿಯ ಜೀನ್ ಬದಲಿಸಿ ಮನುಷ್ಯರ ಕ್ಯಾನ್ಸರ್ ತಿಳಿಯುವುದು ಹೇಗೆ? ಅದನ್ನು ಎಷ್ಟು ನಂಬಬಹುದು? ನನಗೂ ಅಮ್ಮನ ದೋಷ ಬಂದಿರಬಹುದಾ? ಅಮ್ಮನದೂ ಒಂದು ಪ್ರಶ್ನೆ ಇದೆ: ‘ಆ ಇಲಿಗಳಿಗೆ ನೋವಾಗಲ್ವಾ?’

ಉತ್ತರ: ಅಮ್ಮನ ಪ್ರಶ್ನೆಗೆ ಖಂಡಿತ ಬರುತ್ತೇನೆ. ಅದಕ್ಕೆ ಮೊದಲು, ಇಂಥ ಇಲಿಗಳ ಮೇಲೆ ಪ್ರಯೋಗ ಮಾಡುವ ಈ ಕೆಲಸಕ್ಕೆ ನಾನು ಬಂದ ಹೊಸತರಲ್ಲಿ ನನ್ನನ್ನು ತಬ್ಬಿಬ್ಬು ಮಾಡಿದ ಒಂದು ಸಂಗತಿ ಹೇಳುತ್ತೇನೆ. ನಿಮ್ಮ ಅಮ್ಮನಿಗೆ ಇರುವಂಥ ದೋಷವನ್ನೇ ಒಂದು ಇಲಿಗೆ ಕೊಟ್ಟರೆ ಏನಾಗುತ್ತದೆ ಗೊತ್ತಾ? ಏನೂ ಆಗುವುದಿಲ್ಲ.

ಬಹುತೇಕ ಪ್ರತಿಯೊಂದು ಜೀನೂ ನಮ್ಮಲ್ಲಿ ಎರಡೆರಡು ಇರುತ್ತದೆ. ಅಮ್ಮನಿಂದ ಒಂದು, ಅಪ್ಪನಿಂದ ಒಂದು. ನಿಮ್ಮ ಅಮ್ಮನಲ್ಲಿ ಬಿಆರ್‌ಸಿಎ1ರ ಒಂದು ಪ್ರತಿ ಕೆಟ್ಟಿದೆ, ಇನ್ನೊಂದು ಚೆನ್ನಾಗಿದೆ. ಹೀಗೆ ಒಂದು ಪ್ರತಿ ಕೆಟ್ಟ ಹೆಂಗಸರಲ್ಲಿ 80 ವರ್ಷದೊಳಗೆ ನೂರಕ್ಕೆ ಸುಮಾರು 70 ಜನರಿಗೆ ಸ್ತನ ಕ್ಯಾನ್ಸರ್, 40ಕ್ಕೂ ಹೆಚ್ಚು ಜನರಿಗೆ ಅಂಡಾಶಯದ ಕ್ಯಾನ್ಸರ್ ಬರುತ್ತದೆ. ಇಲಿಗೂ ಇದೇ ಜೀನ್ ಇದೆ. 1990ರ ದಶಕದಲ್ಲಿ ಹಲವು ಪ್ರಯೋಗಾಲಯಗಳು ಅದರ ಒಂದು ಪ್ರತಿಯನ್ನು ಕೆಡಿಸಿ ನೋಡಿದವು. ಆ ಇಲಿಗಳು ತಿಂದುಂಡು, ಮರಿ ಹಾಕಿ, ಉಳಿದ ಇಲಿಗಳ ಹಾಗೇ ಬಾಳಿದವು. ಹಾಗಾದರೆ ಇಲಿಯಿಂದ ಏನು ಪ್ರಯೋಜನ ಅಂತ ಕೇಳಬೇಕು ಅನಿಸುತ್ತದೆ, ಅಲ್ವಾ? ನನಗೂ ಹಾಗೇ ಅನಿಸಿತ್ತು.

ಇಲಿ ಯಾಕೆ ಬೇಕು ಅನ್ನುವುದು ಗೊತ್ತಾಗಲು ಒಂದು ಮದುವೆ ಊಟ ನೆನೆಸಿಕೊಳ್ಳಿ. ಎಲೆ ತುಂಬಾ ಬಡಿಸಿದ್ದಾರೆ. ಮರುದಿನ ಬೆಳಿಗ್ಗೆ ಬೀಗರ ಕಡೆಯವರಿಗೆಲ್ಲ ಹೊಟ್ಟೆ ಕೆಟ್ಟಿದೆ. ಕೋಸಂಬರಿಯಾ? ಪಾಯಸವಾ? ಮಜ್ಜಿಗೆಯಾ? ಎಲ್ಲರೂ ಎಲ್ಲವನ್ನೂ ತಿಂದಿದ್ದಾರೆ. ಯಾರ ಹೊಟ್ಟೆ ನೋಡಿದರೂ ಹೇಳಲಾಗದು. ಒಬ್ಬ ರೋಗಿಯ ಗಡ್ಡೆಯೂ ಹೀಗೆಯೇ. ಅದರ ಡಿಎನ್‌ಎ ಓದಿದರೆ ನೂರಾರು, ಕೆಲವು ಸಲ ಸಾವಿರಾರು ಬದಲಾವಣೆ ಕಾಣುತ್ತವೆ. ಬಹುಪಾಲು ಸುಮ್ನೆ ಬಂದು ಸೇರಿಕೊಂಡವು. ಕ್ಯಾನ್ಸರ್ ತಂದವು ಬೆರಳೆಣಿಕೆಯಷ್ಟು. ಯಾವುದು ಅಂತ ತಿಳಿಯಬೇಕಾದರೆ ಒಂದೊಂದು ಪದಾರ್ಥವನ್ನೂ ಬೇರೆಬೇರೆಯಾಗಿ ತಿನ್ನಿಸಿ ನೋಡಬೇಕು. ಮನುಷ್ಯರಲ್ಲಿ ಅದನ್ನು ಮಾಡುವಂತಿಲ್ಲ. ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಮಾಡಬಹುದು. ಆದರೆ ತಟ್ಟೆಯ ಕೋಶಕ್ಕೆ ರಕ್ತನಾಳ ಇಲ್ಲ, ರೋಗ ನಿರೋಧಕ ಶಕ್ತಿ ಇಲ್ಲ, ಬಸಿರಿಲ್ಲ, ಮುಪ್ಪಿಲ್ಲ.

ಇಲಿಯಲ್ಲಿ ಇದೆಲ್ಲಾ ಇದೆ. ಹೆಗ್ಗಣ ಅಲ್ಲ, ಅಂಗೈಯಲ್ಲಿ ಕೂರುವ, 20ರಿಂದ 30 ಗ್ರಾಂ ತೂಗುವ ಚಿಕ್ಕ ಇಲಿ. ಮೂರು ವಾರದ ಬಸಿರು. ಹುಟ್ಟಿದ ಮರಿ ಎರಡು ತಿಂಗಳೊಳಗೆ ತಾನೇ ಮರಿ ಹಾಕುವಷ್ಟು ಬೆಳೆಯುತ್ತದೆ. ಆಯಸ್ಸು ಸುಮಾರು ಎರಡು ವರ್ಷ. 2002ರ ಡಿಸೆಂಬರ್‌ನಲ್ಲಿ ಇಲಿಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎಯ ಬರಹ, ಪ್ರಕಟವಾದಾಗ, ಅದರ ಬಹುತೇಕ ಎಲ್ಲಾ ಜೀನ್‌ಗಳಿಗೂ ಮನುಷ್ಯರಲ್ಲಿ ಜೋಡಿ ಜೀನ್ ಸಿಕ್ಕಿತು. ಇನ್ನೊಂದು ಅನುಕೂಲವೂ ಇದೆ. ಅಣ್ಣ ತಂಗಿ ಸಂಬಂಧದಲ್ಲೇ ಹತ್ತಾರು ತಲೆಮಾರು ಕೂಡಿಸಿ ಬೆಳೆಸಿದ ತಳಿಗಳಿವೆ. ಅಂಥ ತಳಿಯ ಇಲಿಗಳು ಹೆಚ್ಚುಕಡಿಮೆ ಅವಳಿ ಮಕ್ಕಳ ಹಾಗೆ, ಒಂದೇ ಅಚ್ಚು. ಅದರಲ್ಲಿ ಒಂದು ಜೀನ್ ಬದಲಿಸಿದರೆ, ಆಮೇಲೆ ಕಾಣುವ ವ್ಯತ್ಯಾಸ ಆ ಜೀನ್‌ನದೇ ಅಂತ ಧೈರ್ಯವಾಗಿ ಹೇಳಬಹುದು.

ಈಗ ಜೀನ್ ಸೇರಿಸುವ ಕೆಲಸ. ಬಿಟಿ ಹತ್ತಿಯ ಕಾಲದಿಂದ ‘ಕುಲಾಂತರಿ’ ಅನ್ನುವ ಪದ ನಮಗೆಲ್ಲಾ ಗೊತ್ತು. ಕುಲಾಂತರಿ ಇಲಿಯನ್ನು ಮಾಡುವುದನ್ನು ಮೈಕ್ರೊಸ್ಕೋಪ್‌ನಲ್ಲಿ ನೋಡುವಾಗ ನನಗೆ ಈಗಲೂ ಉಸಿರು ನಿಲ್ಲುತ್ತದೆ. ಆಗಷ್ಟೇ ಫಲಿತವಾದ ಮೊಟ್ಟೆ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ಅಗಲ ಇಲ್ಲ. ಎಡಗಡೆಯಿಂದ ಒಂದು ಗಾಜಿನ ನಳಿಕೆ ಅದನ್ನು ಮೆಲ್ಲಗೆ ಹೀರಿ ಹಿಡಿದುಕೊಂಡಿರುತ್ತದೆ. ಬಲಗಡೆಯಿಂದ ಕೂದಲಿಗಿಂತ ಎಷ್ಟೋ ಸಣ್ಣ ಗಾಜಿನ ಸೂಜಿ. ಮೊಟ್ಟೆಯೊಳಗೆ ತಂದೆಯದೊಂದು, ತಾಯಿಯದೊಂದು ಕೋಶಕೇಂದ್ರ ಇನ್ನೂ ಕೂಡದೆ ಪಕ್ಕಪಕ್ಕದಲ್ಲಿ ಕಾಣುತ್ತವೆ. ತಂದೆಯದು ಸ್ವಲ್ಪ ದೊಡ್ಡದು. ಸೂಜಿ ಅದರೊಳಗೆ ಹೋಗಿ ಡಿಎನ್‌ಎ ಬಿಟ್ಟಾಗ ಅದು ತುಸು ಉಬ್ಬುತ್ತದೆ. ಆ ಉಬ್ಬು ಕಂಡರೆ ಡಿಎನ್‌ಎ ಒಳಗೆ ಹೋಗಿದೆ ಅಂತ. ಆಮೇಲೆ ಆ ಮೊಟ್ಟೆಯನ್ನು ಬಾಡಿಗೆ ತಾಯಿಯ ಒಡಲಿಗೆ ಹಾಕಿ ಮೂರು ವಾರ ಕಾಯಬೇಕು. ಹುಟ್ಟಿದ ಮರಿಗಳಲ್ಲಿ ಕೆಲವಕ್ಕೆ ಮಾತ್ರ ಜೀನ್ ಸೇರಿರುತ್ತದೆ.

1984ರಲ್ಲಿ ಹಾರ್ವರ್ಡ್‌ನ ಫಿಲಿಪ್ ಲೆಡರ್, ತಿಮೊಥಿ ಸ್ಟೀವರ್ಟ್ ಮತ್ತು ಸಂಗಡಿಗರು ಹೀಗೇ ಒಂದು ಇಲಿ ಮಾಡಿದರು. ‘ಮಿಕ್’ ಅನ್ನುವ ಜೀನ್ ಹಲವು ಬಗೆಯ ಕ್ಯಾನ್ಸರ್‌ಗಳಲ್ಲಿ ಮಿತಿಮೀರಿ ಕೆಲಸ ಮಾಡುವುದು ಆಗಲೇ ಕಂಡಿತ್ತು. ಅದು ಕಾರಣವಾ, ಪರಿಣಾಮವಾ? ಅದು ಗೊತ್ತಿರಲಿಲ್ಲ. ಇವರು ಆ ಜೀನ್‌ಗೆ ಬೇರೆ ಸ್ವಿಚ್, ಅಂದರೆ ಜೀನ್ ಎಲ್ಲಿ ಕೆಲಸ ಮಾಡಬೇಕು ಅಂತ ಹೇಳುವ ಡಿಎನ್‌ಎ ತುಂಡು, ಜೋಡಿಸಿದರು. ಇಲಿಗಳಲ್ಲಿ ಸ್ತನ ಕ್ಯಾನ್ಸರ್ ತರುವ ಒಂದು ವೈರಸ್ಸಿನಿಂದ ತೆಗೆದ ಸ್ವಿಚ್ ಅದು. ಸ್ತನಗ್ರಂಥಿಯಲ್ಲಿ ಜೋರಾಗಿ ಆನ್ ಆಗುತ್ತದೆ. ಹೆಣ್ಣಿಲಿಗಳು ಮೊದಮೊದಲ ಬಸಿರುಗಳ ಹೊತ್ತಿಗೇ ಸ್ತನ ಕ್ಯಾನ್ಸರ್ ಬಂದು ನರಳಿದವು. ಮಿಕ್ ಜೀನೇ ಕಾರಣ ಅನ್ನುವುದಕ್ಕೆ ಜೀವಂತ ದೇಹದಲ್ಲೇ ಪುರಾವೆ ಸಿಕ್ಕಿತು. ಮರುವರ್ಷ ಮೆಲ್ಬರ್ನ್‌ನಲ್ಲಿ ಜೆರ್ರಿ ಆಡಮ್ಸ್, ಸುಝನ್ ಕೋರಿ ಅವರ ತಂಡ ಅದೇ ಜೀನ್‌ಗೆ ರಕ್ತದ ಬಿ ಕೋಶಗಳ ಸ್ವಿಚ್ ಜೋಡಿಸಿತು. ಆಗ ಬಂದದ್ದು ಲಿಂಫೋಮಾ, ಅಂದರೆ ರೋಗ ನಿರೋಧಕ ಬಿಳಿ ರಕ್ತಕೋಶಗಳ ಕ್ಯಾನ್ಸರ್. ಆಫ್ರಿಕಾದ ಮಕ್ಕಳಲ್ಲಿ ಜಾಸ್ತಿ ಕಾಣುವ ಬರ್ಕಿಟ್ ಲಿಂಫೋಮಾದಲ್ಲಿ ಕ್ರೋಮೋಸೋಮ್ ತುಂಡಾಗಿ ಮಿಕ್ ಜೀನ್ ಹೋಗಿ ಅಂಟಿಕೊಳ್ಳುವುದು ಇಂಥ ಸ್ವಿಚ್‌ಗಳ ಪಕ್ಕಕ್ಕೇ.

ಹಾರ್ವರ್ಡ್ ಇಲಿಗೆ 1988ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಒಂದು ಪ್ರಾಣಿಗೆ ಪೇಟೆಂಟಾ ಅಂತ ದೊಡ್ಡ ಗಲಾಟೆಯೇ ಆಯಿತು. ಕೆನಡಾದ ಸುಪ್ರೀಂ ಕೋರ್ಟ್ 2002ರಲ್ಲಿ ಆಗದು ಎಂದಿತು. ಆ ವಿಷಯ ಇಲ್ಲಿಗೆ ಬಿಡೋಣ. ಆ ಇಲಿಯಲ್ಲಿ ಅದಕ್ಕಿಂತ ಮುಖ್ಯವಾದ ಒಂದು ಸಂಗತಿ ಇತ್ತು.

ಹೆಣ್ಣಿಲಿಗೆ ಐದು ಜೊತೆ ಸ್ತನಗ್ರಂಥಿ. ವಾರಕ್ಕೆ ಎರಡು ಸಲ ನಾವು ಒಂದೊಂದು ಇಲಿಯನ್ನೂ ಎತ್ತಿ, ಕುತ್ತಿಗೆಯಿಂದ ತೊಡೆಸಂದಿಯವರೆಗೆ ಎರಡೂ ಬದಿ ಬೆರಳ ತುದಿಯಲ್ಲಿ ಸವರಿ ನೋಡುತ್ತೇವೆ. ಮೊದಲ ಗಂಟು ಸಾಸಿವೆ ಕಾಳಿನಷ್ಟು ಸಿಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಾಗುತ್ತದೆ. ಕೆಲವೇ ವಾರಗಳಲ್ಲಿ ಹೆಸರುಕಾಳು, ಆಮೇಲೆ ಬಟಾಣಿ. ಗಮನಿಸಿ, ಮಿಕ್ ಇಲಿಯ ಹತ್ತೂ ಗ್ರಂಥಿಗಳಲ್ಲಿ ಆ ಜೀನ್ ಇದೆ. ಲಕ್ಷಾಂತರ ಕೋಶಗಳಲ್ಲಿದೆ. ಆದರೂ ಗಡ್ಡೆ ಏಳುವುದು ಒಂದು ಕಡೆ, ಹೆಚ್ಚೆಂದರೆ ಎರಡು ಕಡೆ. ಅದೂ ತಿಂಗಳುಗಟ್ಟಲೆ ಕಾದ ಮೇಲೆ. ಅಂದರೆ ಒಂದು ಕೆಟ್ಟ ಜೀನ್ ಸಾಲದು. ಆ ಒಂದು ಕೋಶದಲ್ಲಿ ಇನ್ನೇನೋ ಆಗಬೇಕು. 1987ರಲ್ಲಿ ಲೆಡರ್ ತಂಡವೇ ಮಿಕ್ ಇಲಿಯನ್ನೂ ‘ರಾಸ್’ ಅನ್ನುವ ಇನ್ನೊಂದು ಕ್ಯಾನ್ಸರ್ ಜೀನ್ ಇರುವ ಇಲಿಯನ್ನೂ ಕೂಡಿಸಿತು. ಎರಡೂ ಜೀನ್ ಇದ್ದ ಮರಿಗಳಿಗೆ ಕ್ಯಾನ್ಸರ್ ಬಹಳ ಬೇಗ ಬಂತು. ಆಗಲೂ ಎಲ್ಲಾ ಕೋಶಗಳೂ ಗಡ್ಡೆಯಾಗಲಿಲ್ಲ. ಕ್ಯಾನ್ಸರ್ ಆಗಲು ಹಲವು ಏಟು ಬೀಳಬೇಕು ಅಂತ ಮೊದಲೂ ಹೇಳುತ್ತಿದ್ದರು. ಈಗ ಅದು ಇಲಿಯ ಹೊಟ್ಟೆಯ ಮೇಲೆ ಬೆರಳಿಗೆ ಸಿಕ್ಕಿತು.

ಇದು ಜೀನ್ ಸೇರಿಸುವ ಕಥೆ. ನಿಮ್ಮ ಅಮ್ಮನ ವಿಷಯ ತದ್ವಿರುದ್ಧ. ಬಿಆರ್‌ಸಿಎ1 ಕ್ಯಾನ್ಸರ್ ತರುವ ಜೀನ್ ಅಲ್ಲ, ತಡೆಯುವ ಜೀನ್. ಅದು ಇಲ್ಲದೆ ಹೋದಾಗ ತೊಂದರೆ. ಹಾಗಾಗಿ ಜೀನ್ ತೆಗೆಯುವ ದಾರಿ ಬೇಕಿತ್ತು. ಆ ದಾರಿ ಮಾಡಿಕೊಟ್ಟವರು ಮಾರಿಯೊ ಕಪೆಕಿ, ಮಾರ್ಟಿನ್ ಇವಾನ್ಸ್, ಆಲಿವರ್ ಸ್ಮಿತೀಸ್. ಮೂವರಿಗೂ 2007ರಲ್ಲಿ ನೊಬೆಲ್ ಬಂತು. ಇಲಿ ಭ್ರೂಣದ ಕಾಂಡಕೋಶದಲ್ಲಿ, ಅಂದರೆ ಯಾವ ಅಂಗವಾಗಿಯೂ ಬೆಳೆಯಬಲ್ಲ ಕೋಶದಲ್ಲಿ, ಬೇಕಾದ ಜೀನನ್ನೇ ಹುಡುಕಿ ಕೆಡಿಸುವುದು, ಆ ಕೋಶವನ್ನು ಇನ್ನೊಂದು ಭ್ರೂಣಕ್ಕೆ ಸೇರಿಸುವುದು. ಹುಟ್ಟುವ ಮರಿಯ ಮೈ ಎರಡು ಬಣ್ಣದ ಪಟ್ಟೆಪಟ್ಟೆ. ಎರಡೂ ಕಡೆಯ ಕೋಶಗಳು ಅದರಲ್ಲಿವೆ ಅನ್ನುವುದಕ್ಕೆ ಆ ಪಟ್ಟೆಯೇ ಗುರುತು. ಅದರ ಮರಿ, ಮೊಮ್ಮರಿಗಳಲ್ಲಿ ಆ ಜೀನ್ ಪೂರ್ತಿ ಇಲ್ಲದ ಇಲಿ ಸಿಗುತ್ತದೆ. ಇದಕ್ಕೆ ನಾಕ್‌ಔಟ್ ಇಲಿ ಅನ್ನುತ್ತಾರೆ. ಮೊದಲು ಇದಕ್ಕೆ ಒಂದೆರಡು ವರ್ಷವೇ ಹಿಡಿಯುತ್ತಿತ್ತು. 2013ರಿಂದ ಕ್ರಿಸ್ಪರ್ ಅನ್ನುವ ಜೀನ್ ತಿದ್ದುವ ವಿಧಾನ ಬಂದ ಮೇಲೆ ಕೆಲವು ತಿಂಗಳ ಕೆಲಸ.

1992ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಲ್ಯಾರಿ ಡೊನೆಹೋವರ್ ಮತ್ತು ಸಂಗಡಿಗರು ಪಿ53 ಜೀನ್ ತೆಗೆದ ಇಲಿ ಮಾಡಿದರು. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಟ್ಟಿರುವ ಜೀನ್ ಅದು. ಇಷ್ಟು ಮುಖ್ಯವಾದ ಜೀನ್ ಇಲ್ಲದೆ ಮರಿ ಹುಟ್ಟುವುದೇ ಕಷ್ಟ ಅಂತ ಹಲವರು ಎಣಿಸಿದ್ದರು. ಮರಿಗಳು ಚೆನ್ನಾಗಿಯೇ ಹುಟ್ಟಿದವು. ಆದರೆ ಆರು ತಿಂಗಳೊಳಗೆ ಮುಕ್ಕಾಲು ಪಾಲು ಇಲಿಗಳಿಗೆ ಗಡ್ಡೆ ಬಂತು. ಪಿ53 ದೇಹ ಕಟ್ಟುವುದಕ್ಕಿಂತ ಕಾಯುವುದಕ್ಕೆ ಇರುವ ಜೀನ್ ಅಂತ ಆಗ ಗೊತ್ತಾಯಿತು.

ಆರ್‌ಬಿ ಜೀನ್‌ನ ಕಥೆ ಬೇರೆ. ಮಕ್ಕಳ ಕಣ್ಣಿನೊಳಗೆ ಬರುವ ರೆಟಿನೋಬ್ಲಾಸ್ಟೋಮಾ ಕ್ಯಾನ್ಸರ್‌ನ ಜೀನ್ ಇದು. ಫೋಟೋದಲ್ಲಿ ಮಗುವಿನ ಒಂದು ಕಣ್ಣು ಬೆಳ್ಳಗೆ ಹೊಳೆದಾಗ ಎಷ್ಟೋ ಸಲ ಇದು ಗೊತ್ತಾಗುತ್ತದೆ. ಆಲ್ಫ್ರೆಡ್ ನುಡ್ಸನ್ 1971ರಲ್ಲಿ ಈ ಮಕ್ಕಳ ಲೆಕ್ಕ ಹಾಕಿಯೇ ‘ಎರಡು ಏಟು’ ಬಿದ್ದರೆ ಕ್ಯಾನ್ಸರ್ ಅಂತ ಹೇಳಿದ್ದು. ಒಂದು ಪ್ರತಿ ಹುಟ್ಟಿನಿಂದ ಕೆಟ್ಟಿದ್ದು, ಕಣ್ಣಿನ ಒಂದು ಕೋಶದಲ್ಲಿ ಎರಡನೆಯದೂ ಹೋದರೆ ಸಾಕು. ಇಲಿಯಲ್ಲಿ ಒಂದು ಪ್ರತಿ ಕೆಡಿಸಿದರು. ಕಣ್ಣಿಗೆ ಏನೂ ಆಗಲಿಲ್ಲ! ಬದಲಿಗೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಬಂತು. ಜೀನ್ ಅದೇ, ಜಾಗ ಬೇರೆ. ಯಾಕೆ ಅಂತ ಗೊತ್ತಾಗಲು ಹತ್ತು ವರ್ಷದ ಮೇಲೇ ಬೇಕಾಯಿತು. ಆರ್‌ಬಿಗೆ ಪಿ107 ಅನ್ನುವ ಒಬ್ಬ ತಮ್ಮ ಇದ್ದಾನೆ, ಅಂದರೆ ಅದನ್ನೇ ಹೋಲುವ ಇನ್ನೊಂದು ಜೀನ್. ಇಲಿಯ ಕಣ್ಣಲ್ಲಿ ಅಣ್ಣ ಹೋದರೆ ತಮ್ಮ ಹೆಗಲು ಕೊಡುತ್ತಾನೆ. ಇಬ್ಬರನ್ನೂ ತೆಗೆದಾಗ ಇಲಿಗೂ ಕಣ್ಣಿನ ಕ್ಯಾನ್ಸರ್ ಬಂತು. ನಮ್ಮ ಮಕ್ಕಳ ಕಣ್ಣಲ್ಲಿ ಆ ತಮ್ಮನ ಆಸರೆ ಸಿಗುವುದಿಲ್ಲ. ಇಲಿ ‘ತಪ್ಪು’ ಉತ್ತರ ಕೊಟ್ಟಿತು ಅಂತ ಬಿಟ್ಟಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಈಗ ನಿಮ್ಮ ಅಮ್ಮನ ಜೀನ್. ಒಂದು ಪ್ರತಿ ಕೆಟ್ಟ ಇಲಿಗೆ ಏನೂ ಆಗಲಿಲ್ಲ ಎಂದೆನಲ್ಲ, ಹಾಗಾದರೆ ಎರಡನ್ನೂ ಕೆಡಿಸೋಣ ಅಂತ ಅಂಥ ಗಂಡು ಹೆಣ್ಣು ಇಲಿಗಳನ್ನು ಕೂಡಿಸಿದರು. ಲೆಕ್ಕದ ಪ್ರಕಾರ ನಾಲ್ಕರಲ್ಲಿ ಒಂದು ಮರಿಗೆ ಎರಡೂ ಪ್ರತಿ ಕೆಟ್ಟಿರಬೇಕು. ಮರಿಗೆ ಮೂರು ವಾರ ಆದಾಗ ಕಿವಿಯ ಅಂಚಿನಲ್ಲಿ ಒಂದು ಚಿಕ್ಕ ತೂತು ಮಾಡುತ್ತೇವೆ. ಅದೇ ಗುರುತು, ಆ ಚೂರಿನಿಂದಲೇ ಡಿಎನ್‌ಎ. ಡಿಎನ್‌ಎ ತುಂಡುಗಳನ್ನು ಅಳತೆ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿದರೆ ಒಳ್ಳೆಯ ಪ್ರತಿಗೆ ಒಂದು ಗೆರೆ, ಕೆಟ್ಟ ಪ್ರತಿಗೆ ಇನ್ನೊಂದು ಗೆರೆ. ಇಂಥ ಜೀನ್‌ನಲ್ಲಿ ಎಷ್ಟು ಮರಿ ನೋಡಿದರೂ ಕೆಟ್ಟ ಗೆರೆ ಮಾತ್ರ ಇರುವ ಮರಿ ಸಿಗುವುದೇ ಇಲ್ಲ. ಅವು ಬಸಿರಿನ ಆರಂಭದಲ್ಲೇ ಸತ್ತುಹೋಗಿರುತ್ತವೆ. ಡಿಎನ್‌ಎ ರಿಪೇರಿ ಮಾಡುವ ಬಿಆರ್‌ಸಿಎ1 ಇಲ್ಲದೆ ಭ್ರೂಣ ಬೆಳೆಯಲಾರದು. ಒಂದು ಪ್ರತಿ ಹೋದರೆ ಕ್ಯಾನ್ಸರ್ ಇಲ್ಲ, ಎರಡೂ ಹೋದರೆ ಇಲಿಯೇ ಇಲ್ಲ. ಏನು ಮಾಡುವುದು?

ಜೀನನ್ನು ಬೇಕಾದ ಅಂಗದಲ್ಲಿ, ಬೇಕಾದ ಹೊತ್ತಿಗೆ ಮಾತ್ರ ತೆಗೆಯುವುದು. ಇದಕ್ಕೆ ಬ್ಯಾಕ್ಟೀರಿಯಾವನ್ನು ತಿನ್ನುವ ಒಂದು ವೈರಸ್ಸಿನಿಂದ ‘ಕ್ರೆ’ ಅನ್ನುವ ಕತ್ತರಿ ಸಿಕ್ಕಿತು. ಆ ಕತ್ತರಿಗೆ 34 ಅಕ್ಷರಗಳ ಒಂದು ಡಿಎನ್‌ಎ ಗುರುತು ಗೊತ್ತು. ಅದರ ಹೆಸರು ಲಾಕ್ಸ್-ಪಿ. ಜೀನ್‌ನ ಆಚೆ ಈಚೆ ಆ ಗುರುತು ಇಟ್ಟರೆ ಜೀನ್ ಮಾಮೂಲಾಗಿ ಕೆಲಸ ಮಾಡುತ್ತಲೇ ಇರುತ್ತದೆ. ಕತ್ತರಿ ಬಂದ ಕೋಶದಲ್ಲಿ ಮಾತ್ರ ನಡುವಿನ ತುಂಡು ಹಾರಿಹೋಗುತ್ತದೆ. ಕತ್ತರಿಗೆ ಸ್ತನದ ಸ್ವಿಚ್ ಜೋಡಿಸಿದರೆ ಸ್ತನದಲ್ಲಿ ಮಾತ್ರ. 1999ರಲ್ಲಿ ಹೀಗೆ ಬಿಆರ್‌ಸಿಎ1 ತೆಗೆದ ಇಲಿಗಳಿಗೆ ಕೊನೆಗೂ ಸ್ತನ ಕ್ಯಾನ್ಸರ್ ಬಂತು. ಆದರೆ ಕೆಲವಕ್ಕೆ ಮಾತ್ರ, ಅದೂ ತುಂಬಾ ತಡವಾಗಿ. ಜೊತೆಗೆ ಪಿ53 ಕೂಡ ಕೆಡಿಸಿದರೆ ಬೇಗ, ಜಾಸ್ತಿ. ಬಿಆರ್‌ಸಿಎ1 ದೋಷದ ಹೆಂಗಸರ ಗಡ್ಡೆಗಳಲ್ಲೂ ಪಿ53 ಬಹುಪಾಲು ಕೆಟ್ಟೇ ಇರುತ್ತದೆ. ಮಿಕ್ ಇಲಿ ಕಲಿಸಿದ ಪಾಠವೇ ಇಲ್ಲೂ ಬಂತು.

ಆಮ್‌ಸ್ಟರ್‌ಡ್ಯಾಮ್‌ನ ನೆದರ್‌ಲೆಂಡ್ಸ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನಲ್ಲಿ ಇಂಥ ಇಲಿಗಳನ್ನು ಬೆಳೆಸಿದರು. ಅಲ್ಲಿಂದ ನಿಮ್ಮ ಅಮ್ಮನ ಮಾತ್ರೆಗೆ ನೇರ ದಾರಿ ಇದೆ. ಆ ಮಾತ್ರೆ ಮಾಡುವುದು ಇಷ್ಟು. ಡಿಎನ್‌ಎ ಎರಡೆಳೆಯ ಹಗ್ಗ. ಒಂದು ಎಳೆ ಹರಿದರೆ ಸರಿ ಮಾಡಲು ಪಾರ್ಪ್ ಅನ್ನುವ ಕೆಲಸಗಾರ ಇದ್ದಾನೆ. ಒಲಾಪರಿಬ್ ಅವನ ಕೈ ಕಟ್ಟಿಹಾಕುತ್ತದೆ. ಆಗ ಕೋಶ ವಿಭಜನೆ ಆಗುವ ಹೊತ್ತಿಗೆ ಹಗ್ಗದ ಎರಡೂ ಎಳೆ ಹರಿಯುತ್ತವೆ. ಅದನ್ನು ಕೂಡಿಸಲು ಬಿಆರ್‌ಸಿಎ1 ಬೇಕು. ಅಮ್ಮನ ಮೈಯ ಬೇರೆ ಕೋಶಗಳಲ್ಲಿ ಒಂದು ಒಳ್ಳೆಯ ಪ್ರತಿ ಇದೆ, ಅವು ನಿಭಾಯಿಸುತ್ತವೆ. ಕ್ಯಾನ್ಸರ್ ಕೋಶದಲ್ಲಿ ಎರಡೂ ಹೋಗಿವೆ, ಅದು ಸಾಯುತ್ತದೆ. 2005ರಲ್ಲಿ ಎರಡು ತಂಡಗಳು ಇದನ್ನು ಮೊದಲು ತೋರಿಸಿದವು. 2008ರಲ್ಲಿ ಆಮ್‌ಸ್ಟರ್‌ಡ್ಯಾಮ್ ಇಲಿಗಳಿಗೆ ಒಲಾಪರಿಬ್ ಕೊಟ್ಟಾಗ, ತಮ್ಮಷ್ಟಕ್ಕೇ ಬೆಳೆದ ಗಡ್ಡೆಗಳು ಚೆನ್ನಾಗಿ ಕುಗ್ಗಿದವು. ಅಂಡಾಶಯದ ಕ್ಯಾನ್ಸರ್‌ಗೆ ಅಮೆರಿಕದಲ್ಲಿ ಈ ಔಷಧಿಗೆ 2014ರಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲ ಕಿಮೋ ಆದ ಮೇಲೆ ರೋಗ ಮರುಕಳಿಸದಂತೆ ಕೊಡಲು 2018ರಲ್ಲಿ. ಅಮ್ಮನಿಗೆ ಈಗ ಕೊಡುತ್ತಿರುವುದೂ ಇದೇ ರೀತಿ ಇರಬೇಕು.

ಆ ಇಲಿಗಳು ಇನ್ನೊಂದನ್ನೂ ಹೇಳಿದವು. ಎಷ್ಟೋ ಗಡ್ಡೆಗಳು ಮತ್ತೆ ಬಂದವು, ಔಷಧಿಗೆ ಬಗ್ಗಲಿಲ್ಲ. ನೋಡಿದರೆ ಅವುಗಳ ಕೋಶದ ಗೋಡೆಯಲ್ಲಿ ಔಷಧಿಯನ್ನು ಹೊರಗೆಸೆಯುವ ಪಂಪುಗಳು ಜಾಸ್ತಿಯಾಗಿದ್ದವು. ಪಂಪನ್ನು ತಡೆದರೆ ಮಾತ್ರೆ ಮತ್ತೆ ಕೆಲಸ ಮಾಡಿತು. ಆದರೆ ರೋಗಿಗಳಲ್ಲಿ ಮುಖ್ಯವಾಗಿ ಕಂಡ ದಾರಿಯೇ ಬೇರೆ. ಅವರ ಗಡ್ಡೆಯಲ್ಲಿ ಕೆಟ್ಟಿದ್ದ ಬಿಆರ್‌ಸಿಎ ಜೀನ್ ಇನ್ನೊಂದು ಬದಲಾವಣೆಯಾಗಿ ತಾನೇ ಸರಿಹೋಗಿತ್ತು! ಇಲಿಯಲ್ಲಿ ಇದು ಯಾಕೆ ಕಾಣಲಿಲ್ಲ? ಕಾಣಲು ಸಾಧ್ಯವೇ ಇರಲಿಲ್ಲ. ಮನುಷ್ಯರ ದೋಷ ಹೆಚ್ಚಾಗಿ ಒಂದೆರಡು ಅಕ್ಷರದ ತಪ್ಪು. ಆ ಇಲಿಯಲ್ಲಿ ಕತ್ತರಿ ಜೀನ್‌ನ ದೊಡ್ಡ ತುಂಡನ್ನೇ ತೆಗೆದುಹಾಕಿತ್ತು. ಇಲ್ಲದ್ದು ಸರಿಹೋಗುವುದು ಎಲ್ಲಿಂದ? ಆಮೇಲೆ ಅದೇ ಸಂಸ್ಥೆಯವರು ಮನುಷ್ಯರಲ್ಲಿ ಕಾಣುವ ಚಿಕ್ಕ ತಪ್ಪುಗಳನ್ನೇ ಹೊತ್ತ ಇಲಿಗಳನ್ನು ಮಾಡಿದರು. ನಾನು ಇಲಿಯ ಫಲಿತಾಂಶ ಓದುವಾಗ ಮೊದಲು ನೋಡುವುದು ಇದನ್ನೇ. ಆ ಇಲಿಯನ್ನು ಕಟ್ಟಿದ್ದು ಹೇಗೆ? ಅದಕ್ಕೆ ಕೇಳಿದ ಪ್ರಶ್ನೆ ಯಾವುದು? ಕೇಳದ ಪ್ರಶ್ನೆಗೆ ಅದು ಉತ್ತರ ಹೇಳುವುದಿಲ್ಲ.

ನಂಬಬಹುದಾ ಎಂದು ಕೇಳಿದಿರಿ. ನಂಬಿ ಏಟು ತಿಂದ ಕಥೆಯನ್ನೂ ಹೇಳಬೇಕು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ತುಂಬಾ ಕೆಟ್ಟದ್ದು. ಅದರಲ್ಲಿ ಹತ್ತರಲ್ಲಿ ಒಂಬತ್ತು ಗಡ್ಡೆಗಳಲ್ಲಿ ಕೆ-ರಾಸ್ ಜೀನ್ ಕೆಟ್ಟಿರುತ್ತದೆ. ಕೆ-ರಾಸ್, ಪಿ53 ಎರಡೂ ಆ ಗ್ರಂಥಿಯಲ್ಲಿ ಮಾತ್ರ ಕೆಡುವ ಇಲಿಯನ್ನು 2005ರಲ್ಲಿ ಮಾಡಿದರು. ಅದರ ಗಡ್ಡೆ ಮನುಷ್ಯರದ್ದರ ಹಾಗೇ. ಗಟ್ಟಿ ನಾರು, ಒಳಗೆ ರಕ್ತನಾಳ ಕಡಿಮೆ. ಅಲ್ಲಿಯವರೆಗೆ ಮನುಷ್ಯರ ಗಡ್ಡೆಯ ಕೋಶಗಳನ್ನು ಇಲಿಯ ಚರ್ಮದಡಿ ಬೆಳೆಸಿ ಔಷಧಿ ಪರೀಕ್ಷಿಸುತ್ತಿದ್ದರು. ಅಲ್ಲಿ ಜೆಮ್‌ಸಿಟಾಬಿನ್ ಅನ್ನುವ ಕಿಮೋ ಔಷಧಿ ಚೆನ್ನಾಗಿ ಕೆಲಸ ಮಾಡುತ್ತಿತ್ತು, ರೋಗಿಗಳಲ್ಲಿ ಅಷ್ಟಾಗಿ ಇಲ್ಲ. ಈ ಹೊಸ ಇಲಿಯಲ್ಲೂ ಅದು ಕೆಲಸ ಮಾಡಲಿಲ್ಲ. ಔಷಧಿ ಗಡ್ಡೆಯೊಳಗೇ ಹೋಗುತ್ತಿರಲಿಲ್ಲ. 2009ರಲ್ಲಿ ಒಂದು ತಂಡ ಆ ನಾರನ್ನು ಕರಗಿಸುವ ಇನ್ನೊಂದು ಔಷಧಿ ಜೊತೆಗೆ ಕೊಟ್ಟಿತು. ರಕ್ತನಾಳ ಹೆಚ್ಚಾದವು, ಜೆಮ್‌ಸಿಟಾಬಿನ್ ಒಳಗೆ ಹೋಯಿತು, ಇಲಿಗಳು ಇನ್ನಷ್ಟು ದಿನ ಬದುಕಿದವು. ಎಲ್ಲರಿಗೂ ಬಹಳ ಆಸೆ ಹುಟ್ಟಿತು. ರೋಗಿಗಳಲ್ಲಿ ಟ್ರಯಲ್ ನಡೆಯಿತು. 2012ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹೊಸ ಔಷಧಿ ತೆಗೆದುಕೊಂಡವರ ಸ್ಥಿತಿ ತೆಗೆದುಕೊಳ್ಳದವರಿಗಿಂತ ಕೆಟ್ಟಿತ್ತು.

ಆ ಸುದ್ದಿ ಓದಿದ ದಿನ ಮನಸ್ಸಿಗೆ ತುಂಬಾ ಕಷ್ಟವಾಗಿತ್ತು. ಆ ರೋಗಿಗಳೂ ಯಾರದೋ ಅಪ್ಪ, ಯಾರದೋ ಅಮ್ಮ. ಎರಡು ವರ್ಷದ ಮೇಲೆ ಮತ್ತೆ ಇಲಿಗಳನ್ನೇ ಕೇಳಿದರು, ಈ ಸಲ ಬೇರೆ ಪ್ರಶ್ನೆ. ಮೊದಲಿಂದಲೂ ಆ ನಾರು ಬೆಳೆಯದಂತೆ ಜೀನನ್ನೇ ತೆಗೆದರೆ? ಗಡ್ಡೆಗಳು ಇನ್ನೂ ಉಗ್ರವಾದವು, ಇಲಿಗಳು ಬೇಗ ಸತ್ತವು. ನಾರು ಔಷಧಿಯನ್ನು ತಡೆಯುವುದು ನಿಜ. ಗಡ್ಡೆಯನ್ನು ಕಟ್ಟಿ ಹಿಡಿದಿದ್ದದ್ದೂ ಅದೇ. ಈ ಪ್ರಯೋಗ 2009ರಲ್ಲೇ ಆಗಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಹಾಗಾಗಿ ನನ್ನ ಮಾತು ಇದು. ‘ಈ ಜೀನ್ ಕೆಟ್ಟರೆ ಕ್ಯಾನ್ಸರ್ ಬರುತ್ತದಾ, ಯಾವ ದಾರಿಯಲ್ಲಿ ಬರುತ್ತದೆ’ ಅಂತ ಕೇಳಿದರೆ ಇಲಿಯ ಉತ್ತರ ತುಂಬಾ ಗಟ್ಟಿ. ‘ಯಾವ ಅಂಗದಲ್ಲಿ, ಎಷ್ಟನೇ ವಯಸ್ಸಿಗೆ, ಎಷ್ಟು ಜನಕ್ಕೆ’ ಅಂತ ಕೇಳಿದರೆ ನಂಬಬೇಡಿ. ‘ಈ ಔಷಧಿಯಿಂದ ಮನುಷ್ಯ ಎಷ್ಟು ದಿನ ಬದುಕುತ್ತಾನೆ’ ಅನ್ನುವುದನ್ನು ಮನುಷ್ಯರ ಟ್ರಯಲ್ ಮಾತ್ರ ಹೇಳಬಲ್ಲದು. ದೇಹದಲ್ಲೇ ವ್ಯತ್ಯಾಸಗಳಿವೆ. ನಮ್ಮ ಕ್ರೋಮೋಸೋಮ್‌ಗಳ ತುದಿಯಲ್ಲಿರುವ ಟೆಲೊಮಿಯರ್ ವಯಸ್ಸಾದಂತೆ ಸವೆಯುತ್ತದೆ. ಇಲಿಯದು ತುಂಬಾ ಉದ್ದ, ಅದನ್ನು ಸರಿಮಾಡುವ ಕಿಣ್ವವೂ ಅದರ ಹೆಚ್ಚಿನ ಅಂಗಗಳಲ್ಲಿ ಚುರುಕು. 2000ದಲ್ಲಿ ಆ ಕಿಣ್ವ ಮತ್ತು ಪಿ53 ಎರಡನ್ನೂ ಕೆಡಿಸಿದ ಇಲಿಗಳಲ್ಲಿ, ವಯಸ್ಸಾದ ಮನುಷ್ಯರಿಗೆ ಬರುವಂಥ ಕರುಳು, ಸ್ತನ, ಚರ್ಮದ ಕ್ಯಾನ್ಸರ್‌ಗಳು ಕಾಣಿಸಿದವು. ಅಲ್ಲಿಯವರೆಗೆ ಪಿ53 ಇಲಿಗಳಿಗೆ ಜಾಸ್ತಿ ಬರುತ್ತಿದ್ದದ್ದು ಲಿಂಫೋಮಾ, ಮತ್ತೆ ಮೂಳೆ, ಸ್ನಾಯುಗಳಂಥ ಕಡೆ ಬರುವ ಸಾರ್ಕೋಮಾ.

ಇನ್ನು ಅಮ್ಮನ ಪ್ರಶ್ನೆ. ಅಮ್ಮನಿಗೆ ಸುಳ್ಳು ಹೇಳಲಾರೆ. ಗಡ್ಡೆ ಬೆಳೆದ ಇಲಿಗೆ ನೋವಾಗುತ್ತದೆ. ನೋವನ್ನು ಆದಷ್ಟು ಕಡಿಮೆ ಮಾಡುವುದು ನಮ್ಮ ಕೆಲಸದ ಒಂದು ಭಾಗ. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೆಳಗೆ ಇದಕ್ಕೆ ಕೇಂದ್ರದ ಸಮಿತಿಯೊಂದು ಇದೆ. ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿ ಇರಬೇಕು. ಎಷ್ಟು ಇಲಿ, ಯಾಕೆ, ಬೇರೆ ದಾರಿ ಇಲ್ಲವಾ ಅಂತ ಬರೆದು ಒಪ್ಪಿಗೆ ಪಡೆಯದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಗಡ್ಡೆ ಇಷ್ಟು ದೊಡ್ಡದಾದರೆ, ತೂಕ ಇಷ್ಟು ಇಳಿದರೆ ಪ್ರಯೋಗ ಅಲ್ಲಿಗೇ ನಿಲ್ಲಿಸಿ, ನೋವಿಲ್ಲದೆ ಅದರ ಪ್ರಾಣ ಬಿಡಿಸಬೇಕು ಅಂತ ಮೊದಲೇ ಬರೆದಿಟ್ಟಿರುತ್ತೇವೆ. ಹುಷಾರಿಲ್ಲದ ಇಲಿ ದೂರದಿಂದಲೇ ಗೊತ್ತಾಗುತ್ತದೆ. ಬೆನ್ನು ಗೂನಾಗಿರುತ್ತದೆ, ಕೂದಲು ಕೆದರಿರುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ, ಹತ್ತಿ ಕೊಟ್ಟರೂ ಗೂಡು ಕಟ್ಟುವುದಿಲ್ಲ. ಭಾನುವಾರವೂ ಹಬ್ಬದ ದಿನವೂ ಯಾರಾದರೊಬ್ಬರು ಹೋಗಿ ಒಂದೊಂದು ಕೇಜ್ ನೋಡಲೇಬೇಕು. ನಾನು ಎಷ್ಟೋ ಯುಗಾದಿಯ ಬೆಳಿಗ್ಗೆಯನ್ನು ಹಾಗೆ ಕಳೆದಿದ್ದೇನೆ. ಅದರ ಬಗ್ಗೆ ನನಗೆ ಬೇಸರ ಇಲ್ಲ. ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಆವರಣದಲ್ಲೂ ಇಲಿಗಳ ಜೀನ್ ಬದಲಿಸುವ ಘಟಕ ಇದೆ. ಅಲ್ಲೂ ಇದೇ ನಿಯಮ.

ಕೊನೆಗೆ ನಿಮ್ಮ ವಿಷಯ. ಅಮ್ಮನ ದೋಷ ನಿಮಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ನಿಮ್ಮ ಅಣ್ಣ ತಮ್ಮಂದಿರಿಗೂ ಅಷ್ಟೇ. ಗಂಡು ಮಕ್ಕಳ ಮೂಲಕವೂ ಇದು ಮುಂದಿನವರಿಗೆ ಹೋಗುತ್ತದೆ. ಇದಕ್ಕೆ ಪೂರ್ತಿ ಜೀನ್ ಓದಿಸುವ ದುಬಾರಿ ಪರೀಕ್ಷೆ ಬೇಕಿಲ್ಲ. ಅಮ್ಮನ ರಿಪೋರ್ಟ್‌ನಲ್ಲಿ ದೋಷ ಎಲ್ಲಿದೆ ಅಂತ ಅಕ್ಷರ, ಅಂಕಿಗಳಲ್ಲಿ ಒಂದು ಸಾಲು ಇರುತ್ತದೆ. ಆ ರಿಪೋರ್ಟ್ ಹಿಡಿದುಕೊಂಡು ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ. ನಿಮ್ಮ ರಕ್ತದಲ್ಲಿ ಆ ಒಂದು ಜಾಗ ನೋಡಿದರೆ ಸಾಕು. ಇದ್ದರೆ ಯಾವಾಗಿಂದ ಸ್ತನದ ಎಂಆರ್‌ಐ, ಮುಂದೆ ಏನು ಅಂತ ಅವರೇ ಕೂತು ಹೇಳುತ್ತಾರೆ.

ಆ ಸಾಲಿನ ಮುಂದೆ ಏನು ಬರೆದಿದೆ ಅಂತಲೂ ನೋಡಿ. ‘ರೋಗಕಾರಕ’ ಅಂತ ಇದ್ದರೆ ಸ್ಪಷ್ಟ. ಕೆಲವರ ರಿಪೋರ್ಟ್‌ನಲ್ಲಿ ‘ವಿಯುಎಸ್’ ಅಂತ ಇರುತ್ತದೆ. ಬದಲಾವಣೆ ಕಂಡಿದೆ, ಆದರೆ ಕೆಟ್ಟದ್ದಾ ಅಲ್ಲವಾ ತಿಳಿಯದು ಅಂತ ಅರ್ಥ. ಅದನ್ನು ನೋಡಿ ಹೆದರಿ ಆಪರೇಷನ್‌ಗೆ ಓಡಬಾರದು. ಇಂಥ ಸಾಲುಗಳನ್ನು ಬಿಡಿಸಲು ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನ ಶ್ಯಾಮ್ ಶರಣ್ ಅವರ ತಂಡ ಒಂದು ಚೆಂದದ ದಾರಿ ಕಂಡುಕೊಂಡಿತು. ಇಲಿಯ ಭ್ರೂಣದ ಕಾಂಡಕೋಶ ಬಿಆರ್‌ಸಿಎ ಜೀನ್ ಇಲ್ಲದೆ ಬದುಕದು ಅಂತ ಮೊದಲೇ ಗೊತ್ತಿತ್ತಲ್ಲ. ಆ ಕೋಶಕ್ಕೆ ಮನುಷ್ಯರ ಜೀನನ್ನು, ರೋಗಿಯಲ್ಲಿ ಕಂಡ ಅದೇ ಬದಲಾವಣೆಯ ಸಮೇತ ಹಾಕುತ್ತಾರೆ. ಆಮೇಲೆ ಇಲಿಯ ಸ್ವಂತ ಜೀನ್ ತೆಗೆಯುತ್ತಾರೆ. ಕೋಶ ಸತ್ತರೆ ಆ ಬದಲಾವಣೆ ಕೆಟ್ಟದ್ದು. ಬದುಕಿ ಬೆಳೆದರೆ, ಡಿಎನ್‌ಎ ರಿಪೇರಿ ಎಷ್ಟು ಚೆನ್ನಾಗಿ ಮಾಡುತ್ತದೆ ಅಂತ ಇನ್ನಷ್ಟು ಪರೀಕ್ಷೆ ಮಾಡಿ ನೋಡುತ್ತಾರೆ. ಅಮ್ಮನಿಗೆ ಇದನ್ನೂ ಹೇಳಿ. ಇದೆಲ್ಲಾ ನಡೆಯುವುದು ಗಾಜಿನ ತಟ್ಟೆಯಲ್ಲಿ. ಪರೀಕ್ಷೆಗೆ ಇಲಿಗಳನ್ನು ಸಾಯಿಸಬೇಕಿಲ್ಲ.